ಜೀಪಿನವನ ಹಾಡು, ಜೀಪಿನವನ ಉಸಿರು

ನಮ್ಮ ಸ್ಟುಡಿಯೋದಲ್ಲಿ ಉಸಿರಿಗೆ ಜಾಗ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಗೋಳೆಲ್ಲ ಶುರುವಾದದ್ದು ಇಲ್ಲಿಂದಲೇ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬೇಕರಿಯ ಮಹಡಿ ಮೇಲೆ ತಗಡಿನ ಮಾಡಿನ ಕೋಣೆ. ಗೋಡೆಗೆ ಗೋಣಿಚೀಲ, ಅದರ ಮೇಲೆ ಹಳೇ ಹಾಸಿಗೆ, ಬಾಗಿಲಿಗೆ ಕಂಬಳಿ. ಒಂದು ಒಳ್ಳೇ ಮೈಕು, ಒಂದು ಕಂಪ್ಯೂಟರು, ಕರೆಂಟು ಹೋದರೆ ಒಂದು ಹಾಡು ಮುಗಿಯುವಷ್ಟು ಹೊತ್ತು ಉಸಿರು ಹಿಡಿದುಕೊಳ್ಳುವ ಯುಪಿಎಸ್ಸು. ಭಜನೆ, ದೇವರನಾಮ, ಮದುವೆ ಹಾಡು, ತಾಳಮದ್ದಳೆ, ಏನು ಬಂದರೂ ರೆಕಾರ್ಡ್ ಮಾಡಿ ಕ್ಯಾಸೆಟ್ಟೋ ಸೀಡಿಯೋ ಮಾಡಿಕೊಡುತ್ತಿದ್ದೆ. ಹಾಡಿದವರು ಮನೆಗೆ ಹೋದ ಮೇಲೆ ನನಗೆ ಉಳಿಯುತ್ತಿದ್ದ ಕೊನೇ ಕೆಲಸ ಉಸಿರು ತೆಗೆಯುವುದು. ಕಂಪ್ಯೂಟರಿನ ಪರದೆ ಮೇಲೆ ಸ್ವರ ಗುಡ್ಡ ಗುಡ್ಡವಾಗಿ ಕಾಣುತ್ತದೆ. ಎರಡು ಗುಡ್ಡದ ನಡುವಿನ ಬಯಲಲ್ಲಿ ಸಣ್ಣಗೆ ಹುಲ್ಲು ಎದ್ದ ಹಾಗೆ ಕಾಣುವುದೇ ಉಸಿರು. ಮೌಸಿನಲ್ಲಿ ಆ ಹುಲ್ಲನ್ನು ಹಿಡಿದು ಅಳಿಸಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ನಮ್ಮಲ್ಲಿ ಒಂದು ಭಜನಾ ಮಂಡಳಿ, ಅದಕ್ಕೊಬ್ಬರು ಹಿರಿಯಮ್ಮ. ಹಿಂದೊಮ್ಮೆ ಅವರ ಕ್ಯಾಸೆಟ್ಟಿನಲ್ಲಿ ಒಂದೇ ಒಂದು ಏದುಸಿರು ಉಳಿದುಹೋಗಿತ್ತು. ಮೆಟ್ಟಿಲು ಹತ್ತಿ ಬಂದು, "ದೇವರ ಮುಂದೆ ಹಾಡಿದ್ದಾ ಗುಡ್ಡ ಹತ್ತಿದ್ದಾ ಅಂತ ಜನ ಕೇಳ್ತಾರೆ ಮಾರಾಯ" ಅಂದಿದ್ದರು. ಅವತ್ತಿನಿಂದ ನನ್ನ ಸ್ಟುಡಿಯೋದಿಂದ ಹೊರಗೆ ಹೋದ ಯಾವ ಹಾಡಿನಲ್ಲೂ ಮನುಷ್ಯರು ಉಸಿರಾಡಿದ್ದಿಲ್ಲ.

ಇಂಥ ಜಾಗಕ್ಕೆ ಹಿಪ್ ಹಾಪ್ ಆಲ್ಬಮ್ ಮಾಡಬೇಕು ಅಂತ ಬಂದವನು ಪ್ರಚಾರದ ಜೀಪಿನವನು.

ಕೊಪ್ಪ, ಶೃಂಗೇರಿ, ನಮ್ಮ ಬಾಯಲ್ಲಿ ಎನ್ನಾರ್ಪುರವಾದ ನರಸಿಂಹರಾಜಪುರ, ಈ ಮೂರೂ ತಾಲ್ಲೂಕಿನಲ್ಲಿ ಅವನ ಮುಖ ಗೊತ್ತಿಲ್ಲದವರಿಗೂ ಸ್ವರ ಗೊತ್ತಿತ್ತು. ಜೀಪಿನ ಮೇಲೆ ಎರಡು ಕಹಳೆ ಸ್ಪೀಕರು ಕಟ್ಟಿಕೊಂಡು, ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಮೈಕು. ಯಕ್ಷಗಾನ ಇರಲಿ, ಪೋಲಿಯೋ ಹನಿ ಇರಲಿ, ಯಾರದೋ ಕಡಸು ಕಳೆದದ್ದಿರಲಿ, "ಸಾರ್ವಜನಿಕರ ಗಮನಕ್ಕೆ" ಅಂತ ಶುರು ಮಾಡಿದರೆ ಗುಡ್ಡದ ಆಚೆ ಬದಿಯವರೂ ಕೈಕೆಲಸ ನಿಲ್ಲಿಸುತ್ತಿದ್ದರು. ಬರೀ ಸುದ್ದಿ ಹೇಳುವ ಜಾತಿಯವನಲ್ಲ. ಪ್ರಾಸ ಹಾಕಬೇಕು, ತಿರುಗಿಸಿ ಹೇಳಬೇಕು, ಜೀಪಿನ ಡುಗುಡುಗುವಿಗೆ ಮಾತು ಕೂರಿಸಬೇಕು. ಕಡಸು ಕಳೆದವರಿಗೆ ಅವನು ಮಾಡಿಕೊಟ್ಟದ್ದು ಇದು:

ಕೆಂಪು ಕಡಸು, ಬಿಳೀ ಹಣೆ, ಕೊರಳಲಿ ಹಗ್ಗ, ಇಲ್ಲ ಗಂಟೆ,
ಕಂಡವರುಂಟೆ, ಕಂಡವರುಂಟೆ, ಕಮ್ಮರಡಿಯಲಿ ಕಂಡವರುಂಟೆ.

ಕಡಸು ಸಿಕ್ಕಿ ಎಷ್ಟೋ ಕಾಲವಾದರೂ ಕಮ್ಮರಡಿಯ ಮಕ್ಕಳು ಶಾಲೆಯಿಂದ ಬರುತ್ತಾ ಅದನ್ನು ಹುಡುಕುತ್ತಲೇ ಇದ್ದರು.

ಮದುವೆಗೆ ಮೊದಲು ಅವನು ಮುಂಬೈಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದವನು. ಎದುರು ಬೀದಿಯ ಹುಡುಗರು ಟೇಪು ಹಾಕಿಕೊಂಡು ಅದರ ತಾಳಕ್ಕೆ ಸರಿಯಾಗಿ ಮಾತಾಡುವುದನ್ನು ಅಲ್ಲಿ ಕೇಳಿದ್ದನಂತೆ. ನನ್ನೆದುರು ಕುರ್ಚಿ ಎಳೆದುಕೊಂಡು ಕೂತು ಹೇಳಿದ: "ಅವರು ಮಾಡೋದೂ ನಾನು ಮಾಡೋದೂ ಒಂದೇ ಕೆಲಸ ಮಾರಾಯ. ಅವರಿಗೆ ಡ್ರಮ್ಸ್ ಅದೆ, ನಂಗೆ ಜೀಪು ಅದೆ."

ತಮಾಷೆ ಅಂದುಕೊಂಡೆ. ಆಮೇಲೆ ಸಂಗತಿ ಹೇಳಿದ. ಗಂಟಲಿನಲ್ಲಿ ಏನೋ ಬೆಳೆದಿದೆ, ಸ್ವರದ ತಂತಿಯ ಮೇಲೇ ಕೂತಿದೆ. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯ ಡಾಕ್ಟ್ರಮ್ಮ, ಕೆಟ್ಟ ಜಾತಿಯ ಗಂಟು ಅಲ್ಲ, ಆದರೆ ತೆಗೆಯಲೇಬೇಕು, ತೆಗೆದ ಮೇಲೆ ಸ್ವರ ಈಗಿನ ಹಾಗೇ ಇರುತ್ತದೆ ಅಂತ ಮಾತು ಕೊಡಲಾರೆ ಅಂದಿದ್ದಾರೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಆಪರೇಷನ್ನು. ಅಷ್ಟರೊಳಗೆ ಈ ಸ್ವರವನ್ನು ಎಲ್ಲಾದರೂ ಹಿಡಿದಿಡಬೇಕು.

"ಹೋಗೋ ಸ್ವರ ಹೋಗ್ಲಿ," ಅಂದ. "ನನ್ನ ಹೆಂಡ್ತಿ ಹತ್ರ ಒಂದು ಕಾಪಿ ಇರ್ಲಿ."

ಇಲ್ಲ ಅನ್ನುವುದು ಹೇಗೆ?

ತಾಳಕ್ಕೆ ಶೃಂಗೇರಿಯ ಕೀಬೋರ್ಡಿನವನನ್ನು ಕರೆಸಿದೆ. ಆರ್ಕೆಸ್ಟ್ರಾದಲ್ಲಿ ನುಡಿಸುವವನು, ಬಾಯಿ ಜೋರು, ಬೆರಳು ಅದಕ್ಕಿಂತ ಚುರುಕು. ಅವನು ಕಂಪ್ಯೂಟರಿನಲ್ಲಿ ಡ್ರಮ್ಸಿನ ತುಂಡುಗಳನ್ನು ಜೋಡಿಸಿ ಒಂದೊಂದು ಹಾಡಿಗೆ ಒಂದೊಂದು ನಡೆ ಕಟ್ಟಿದ. ಮೈಕಿನೆದುರು ಹಿಡಿಯಲು ಬಟ್ಟೆಯ ತಡೆ ಬೇಕು, ಇಲ್ಲದಿದ್ದರೆ 'ಪ' ಅಂದಾಗೆಲ್ಲ ಪಟಾಕಿ ಹೊಡೆದಂತಾಗುತ್ತದೆ. ಜೀಪಿನವನ ಹೆಂಡತಿ ಭಂಡಿಗಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಕಸೂತಿಗೆ ಬಟ್ಟೆ ಬಿಗಿಯುವ ಮರದ ಬಳೆಗೆ ಸೊಳ್ಳೆಪರದೆ ಬಿಗಿದು ಕಳಿಸಿದಳು. ಅಂಚಿಗೆ ಕೆಂಪು ನೂಲಿನ ಹೊಲಿಗೆ ಬೇರೆ. ಪೇಟೆಯಲ್ಲಿ ಸಿಗುವುದಕ್ಕಿಂತ ಅದೇ ಚೆನ್ನಾಗಿತ್ತು.

ಕೆಲಸ ಹಿಡಿದೆವು. ಅವನಿಗೋ ಗುಡ್ಡಕ್ಕೆ ಕೇಳುವ ಹಾಗೆ ಕೂಗಿ ಅಭ್ಯಾಸ. ಮೈಕಿನಿಂದ ಮಾರುದೂರ ನಿಲ್ಲಿಸಿದರೂ ಪರದೆಯ ಮೇಲಿನ ಗುಡ್ಡಗಳು ಚೌಕಟ್ಟು ದಾಟುತ್ತಿದ್ದವು. ಒಂದು ಸಾಲು ಹೇಳಿಸುವುದು, ನಿಲ್ಲಿಸುವುದು, ಮುಂದಿನ ಸಾಲು ಹೇಳಿಸುವುದು. ಸಾಲುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂರಿಸುತ್ತಾ ಹೋದೆ. ನಡುವೆ ಬಸ್ಸಿನ ಹಾರ್ನು. ಯಾವ ಬಸ್ಸು ಯಾವಾಗ ಹೊರಡುತ್ತದೆ ಅಂತ ನನಗೆ ಬಾಯಿಪಾಠ. ಶೃಂಗೇರಿ ಬಸ್ಸು ಹೋಗಲಿ, ಆಮೇಲೆ ಎರಡು ಸಾಲು, ಮತ್ತೆ ಎನ್ನಾರ್ಪುರದ್ದು ಹೋಗಲಿ. ಹೀಗೆ.

ಎಲ್ಲ ಮುಗಿದ ಮೇಲೆ ಉಸಿರು ತೆಗೆಯಲು ಕೂತೆ. ಅವನ ಉಸಿರೆಂದರೆ ಸಾಮಾನ್ಯದ್ದಲ್ಲ, ಗರಗಸ ಎಳೆದ ಹಾಗೆ. ಪರದೆಯ ಮೇಲೆ ಹುಲ್ಲಲ್ಲ, ಪೊದೆ. ಅವನೂ ಪಕ್ಕದಲ್ಲೇ ಕೂತು, ಒಂದೂ ಬಿಡಬೇಡ, ಕೇಳಿದವರಿಗೆ ಕಾಯಿಲೆ ಅಂತ ಗೊತ್ತಾಗಬಾರದು ಅಂತ ಬೆರಳು ತೋರಿಸುತ್ತಿದ್ದ. ಬುಡ ಸಮೇತ ಕಿತ್ತೆವು. ಕಿತ್ತದ್ದನ್ನು ಹಳೇ ಫೈಲಿನ ಮೇಲೇ ಸೇವ್ ಮಾಡುವುದು ಆಗಿನ ರೂಢಿ. ಎರಡೆರಡು ಪ್ರತಿ ಇಟ್ಟುಕೊಳ್ಳಲು ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಜಾಗ ಎಲ್ಲಿತ್ತು?

ಆಲ್ಬಮ್ಮಿಗೆ 'ಸಾರ್ವಜನಿಕರ ಗಮನಕ್ಕೆ' ಅಂತಲೇ ಹೆಸರಿಟ್ಟೆವು. ಮೊದಲ ಸೀಡಿ ಹಿಡಿದುಕೊಂಡು ಮೂವರೂ ಜೀಪಿನಲ್ಲಿ ಭಂಡಿಗಡಿಗೆ ಹೋದೆವು. ಹೆಂಡತಿ ಯಾವುದೋ ರವಿಕೆಗೆ ತೋಳು ಹಚ್ಚುತ್ತಿದ್ದಳು. ಅಂಗಡಿಯ ಪ್ಲೇಯರಿಗೆ ಸೀಡಿ ಹಾಕಿದೆವು. ಮೊದಲ ಹಾಡಿಗೆ ಹೊಲಿಗೆ ಯಂತ್ರದ ಪೆಡಲು ನಿಧಾನವಾಯಿತು. ಎರಡನೆಯದಕ್ಕೆ ನಿಂತಿತು. ಮೂರನೆಯದನ್ನು ಅವಳೇ ಎದ್ದು ನಿಲ್ಲಿಸಿದಳು.

"ಸ್ವರ ಇವರದ್ದೇ," ಅಂದಳು. "ಆದ್ರೆ ಇದ್ರಲ್ಲಿ ಇವರಿಲ್ಲ."

ಕೀಬೋರ್ಡಿನವನು, ಅತ್ತಿಗೇ, ಸ್ಪೀಕರು ಸಣ್ಣದು, ಬೇಸ್ ಕೇಳುತ್ತಿಲ್ಲ, ಅದಕ್ಕೇ ಹಾಗನಿಸುತ್ತದೆ ಅಂತ ಏನೇನೋ ಸಮಜಾಯಿಷಿ ಕೊಟ್ಟ. ಅವಳು ತಲೆಯಾಡಿಸಿ, ಸ್ಪೀಕರಿನ ಮಾತಲ್ಲ ಅಂದಳು. ಆಮೇಲೆ ಅವಳು ಹೇಳಿದ್ದನ್ನು ನಾನು ಇವತ್ತಿಗೂ ಮೈಕು ಹಚ್ಚುವಾಗೆಲ್ಲ ನೆನೆಸಿಕೊಳ್ಳುತ್ತೇನೆ. ಅವಳ ಮಾತಿನಲ್ಲೇ ಹೇಳುತ್ತೇನೆ: ಜೀಪು ಆಚೆ ಗುಡ್ಡದ ತಿರುವಿನಲ್ಲಿದ್ದರೂ ಸರಿ, ಇಲ್ಲೇ ಭಂಡಿಗಡಿಯ ಇಳಿಜಾರಿನಲ್ಲಿದ್ದರೂ ಸರಿ, ಮೈಕು ಒತ್ತಿದ ಕೂಡಲೇ ಮೊದಲು ಬರುವುದು ಮಾತಲ್ಲ. ಇವರು ಉಸಿರು ಎಳೆದುಕೊಳ್ಳುವ ಸದ್ದು. ಕಹಳೆಯಲ್ಲಿ ಅದು ಊರಿಗೇ ಕೇಳುತ್ತದೆ. ಆ ಸದ್ದಿಗೇ ನಾಯಿಗಳು ಕಿವಿ ಎತ್ತುತ್ತವೆ, ನಾನು ಅನ್ನಕ್ಕೆ ನೀರಿಡುತ್ತೇನೆ. ಇದರಲ್ಲಿ ಆ ಸದ್ದು ಎಲ್ಲಿ? ಮನುಷ್ಯ ಎಲ್ಲಿ ನಿಂತು ಉಸಿರಾಡುತ್ತಾನೆ ಅಂತ ಗೊತ್ತಾಗದೆ ಕೇಳುವ ನನಗೇ ಎದೆ ಕಟ್ಟುತ್ತದೆ.

ಕಡೆಗೆ ಗಂಡನ ಕಡೆ ತಿರುಗಿ ಅಂದಳು: "ನಾಳೆ ಸ್ವರ ಹೋದ್ರೆ ಇದನ್ನ ಹಾಕ್ಕೊಂಡು ಸಮಾಧಾನ ಮಾಡ್ಕೋ ಅಂತ ಕೊಡ್ತಿರೋದಾದ್ರೆ, ನಂಗೆ ಬೇಡ."

ವಾಪಸು ಬರುವಾಗ ಜೀಪಿನಲ್ಲೇ ದಾರಿ ಹುಡುಕಿದೆವು. ಅಳಿಸಿದ ಉಸಿರನ್ನು ವಾಪಸು ಅಂಟಿಸುವಂತಿಲ್ಲ, ಮೂಲವೇ ಉಳಿದಿಲ್ಲ. ಮತ್ತೆ ಹೇಳಿಸೋಣ ಎಂದರೆ ಅಷ್ಟರಲ್ಲಿ ಡಾಕ್ಟ್ರಮ್ಮ ಅವನಿಗೆ ಮೌನ ಹೇರಿದ್ದರು. ಆಪರೇಷನ್ನಿನ ತನಕ ಕೂಗುವಂತಿಲ್ಲ, ಪಿಸುಗುಡುವುದಂತೂ ಇಲ್ಲವೇ ಇಲ್ಲ. ಪಿಸುಮಾತು ಗಂಟಲಿಗೆ ಕೂಗಿಗಿಂತ ಕೆಟ್ಟದ್ದಂತೆ. ಜೀಪು ಮನೆಯೆದುರು ನಿಂತಿತು. ಮೂರು ತಾಲ್ಲೂಕಿಗೆ ಸುದ್ದಿ ಸಾರುತ್ತಿದ್ದವನು ಕೊರಳಿಗೆ ಒಂದು ಸ್ಲೇಟು ನೇತುಹಾಕಿಕೊಂಡು ತಿರುಗತೊಡಗಿದ.

ಪೇಟೆಯವರಿಗೆ ಹಬ್ಬ. ಇಷ್ಟು ವರ್ಷ ನೀ ಹೇಳಿದ್ದು ನಾವು ಕೇಳಿದ್ದೇವೆ, ಈಗ ನಾವು ಹೇಳಿದ್ದು ನೀ ಕೇಳು ಅಂತ ಬೇಕರಿಯವರು ಅವನನ್ನು ಕೂರಿಸಿಕೊಂಡು ಮಾತಾಡುವರು. ಅವನು ಸ್ಲೇಟಿನಲ್ಲಿ ಬೈಗುಳ ಬರೆಯುವನು. ಬೈಗುಳಕ್ಕೂ ಪ್ರಾಸ.

ಒಂದು ದಿನ ಮೆಟ್ಟಿಲು ಹತ್ತಿ ಬಂದು ಸ್ಲೇಟನ್ನು ನನ್ನೆದುರು ಹಿಡಿದ. "ಒಂದು ಹಾಡು, ಒಂದೇ ಸಲ. ನಿಲ್ಲಿಸುವುದಿಲ್ಲ. ಅಳಿಸುವುದಿಲ್ಲ."

ನಾನು ಸುತಾರಾಂ ಒಪ್ಪಲಿಲ್ಲ. ನಿನ್ನ ಗಂಟಲು ಹಾಳು ಮಾಡಿದ ಪಾಪ ನನಗೆ ಬೇಡ ಅಂದೆ. ಅವನು ಒರೆಸಿ ಬರೆದ: "ಗಂಟಲು ನಂದು." ನಾನು ಒರೆಸಿ ಬರೆದೆ: "ಮೈಕು ನಂದು." ನನಗೆ ಮಾತಾಡಬಹುದು ಅನ್ನುವುದೇ ಆ ಗಡಿಬಿಡಿಯಲ್ಲಿ ಮರೆತುಹೋಗಿತ್ತು. ಅವನು ನಕ್ಕ, ಸದ್ದಿಲ್ಲದೆ, ಭುಜ ಕುಣಿಸಿಕೊಂಡು. ಅದನ್ನು ನೋಡಿ ನನ್ನ ಹಟ ಅರ್ಧ ಇಳಿಯಿತು. ಡಾಕ್ಟ್ರಮ್ಮನನ್ನು ಕೇಳದೆ ಮುಂದೆ ಹೋಗುವುದು ಬೇಡ ಅಂತ ತೀರ್ಮಾನವಾಯಿತು.

ಕೆಳಗಿನ ಎಸ್ಟಿಡಿ ಬೂತಿನಿಂದ ಹೆಂಡತಿಯೇ ಫೋನು ಮಾಡಿದಳು. ನಾವು ಗಾಜಿನ ಹೊರಗೆ. ಮೊದಲು ಅವಳ ಮುಖ ಸಣ್ಣದಾಯಿತು, ಬೈಗುಳ ಬೀಳುತ್ತಿದೆ ಅಂತ ನಮಗೆ ಗೊತ್ತಾಯಿತು. ಆಮೇಲೆ ಹೂಂ, ಹೂಂ ಅಂದಳು. ಹೊರಗೆ ಬಂದು ಹೇಳಿದ್ದಿಷ್ಟು: ಕೂಗಿದರೆ ಆಪರೇಷನ್ನಿಗೆ ಬರುವುದೇ ಬೇಡ ಅಂದರು. ಪಿಸುಗುಟ್ಟಿದರೂ ಅಷ್ಟೇ. ಅಡುಗೆಮನೆಯಲ್ಲಿ ಹೆಂಡತಿ ಹತ್ತಿರ ಮಾತಾಡುವಷ್ಟೇ ಸ್ವರದಲ್ಲಿ, ದಿನಕ್ಕೆ ಸ್ವಲ್ಪವೇ, ನೀರು ಕುಡಿದು, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರುವುದಾದರೆ ತಾನು ಅಡ್ಡಿ ಮಾಡುವುದಿಲ್ಲ. ನೋವು ಅಂತ ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

"ಅಡುಗೆಮನೇಲಿ ಇವರು ಮಾತಾಡೋದೇ ಉಪ್ಪು ಕಮ್ಮಿ ಅಂತ ಹೇಳಕ್ಕೆ," ಅಂದಳು. "ಅದೇ ಸ್ವರ ಸಾಕು."

ಹಾಗೆ ಇಡೀ ಆಲ್ಬಮ್ಮು ತಿರುಗುಮುರುಗಾಯಿತು. ಮಾರುದೂರದಲ್ಲಿದ್ದ ಮೈಕು ಅವನ ಬಾಯಿಯಿಂದ ನಾಲ್ಕು ಬೆರಳು ದೂರಕ್ಕೆ ಬಂತು. ಅಷ್ಟು ಹತ್ತಿರಕ್ಕೆ ತುಟಿ ಬೇರೆಯಾಗುವ ಸದ್ದೂ ಕೇಳುತ್ತದೆ. ಉಸಿರಂತೂ ಪಕ್ಕದಲ್ಲಿ ಎತ್ತು ನಿಂತ ಹಾಗೆ. ಅಷ್ಟು ಮೆಲುದನಿಗೆ ಹಳೇ ಡ್ರಮ್ಸು ಹಚ್ಚಿದರೆ ಮನುಷ್ಯ ಮುಳುಗಿಹೋಗುತ್ತಾನೆ. ಕೀಬೋರ್ಡಿನವನಿಗೆ ಝಾಂಗಟೆಯಂಥದ್ದನ್ನೆಲ್ಲ ತೆಗಿ, ಪೆಟ್ಟಿನ ಮೊನೆ ಮುರಿ ಅಂದೆ. ನನ್ನ ಡ್ರಮ್ಸಿಗೆ ಕಂಬಳಿ ಹೊದೆಸಿ ಮಲಗಿಸ್ತಿದ್ದೀರಿ ಅಂತ ಗೊಣಗಿದ. ಶೃಂಗೇರಿಗೆ ಹೋಗಿ ಮತ್ತೆ ಬರುವಾಗ ಮಾತ್ರ ಬೇರೆಯದೇ ನಡೆ ಕಟ್ಟಿಕೊಂಡು ಬಂದಿದ್ದ. ಜೀಪು ನಿಂತಲ್ಲೇ ಓಡುವಾಗ ಮಾಡುವ ಡುಗುಡುಗುವನ್ನು ರೆಕಾರ್ಡ್ ಮಾಡಿಕೊಂಡು, ಅದನ್ನೇ ಕತ್ತರಿಸಿ ತಾಳ ಮಾಡಿದ್ದ. ಕೇಳಿಸಿದಾಗ ಜೀಪಿನವನು ಸ್ಲೇಟಿನಲ್ಲಿ "ಸೈಲೆನ್ಸರ್ ತೂತಾಗಿದೆ" ಅಂತ ಬರೆದು, ಕೆಳಗೆ ದೊಡ್ಡ ಗೀಟೆಳೆದು "ಇರಲಿ" ಅಂತ ಸೇರಿಸಿದ.

ಬೆಳಗ್ಗೆ ಬಸ್ಸುಗಳು ಏಳುವ ಮೊದಲು ದಿನಕ್ಕೊಂದು ಹಾಡು. ತಾಳಮದ್ದಳೆ ರೆಕಾರ್ಡ್ ಮಾಡುವಾಗ ಅರ್ಥ ಹೇಳುವವರನ್ನು ನಡುವೆ ನಿಲ್ಲಿಸುವ ಧೈರ್ಯ ಯಾರಿಗೂ ಇರುವುದಿಲ್ಲ, ತಪ್ಪಿದರೂ ಅವರೇ ಮಾತಿನಲ್ಲಿ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ. ಹಾಗೇ ಕೂರಿಸಿದೆ. ನೆಲದ ಮೇಲೆ ಚಾಪೆ, ಎದುರಿಗೆ ಕೀಬೋರ್ಡಿನವನು, ಪಕ್ಕದಲ್ಲಿ ಬಿಸಿನೀರಿನ ಚೊಂಬು ಹಿಡಿದು ಹೆಂಡತಿ. ಅವಳು ಕೈ ಎತ್ತಿದರೆ ನಾನು ನಿಲ್ಲಿಸಬೇಕು, ಅದು ಒಪ್ಪಂದ. ಅವನು ಅವಳ ಕಡೆ ನೋಡಿಕೊಂಡೇ ಹೇಳುತ್ತಿದ್ದ:

ಸಾರ್ವಜನಿಕರ ಗಮನಕ್ಕೆ, ಸಾರ್ವಜನಿಕರ ಗಮನಕ್ಕೆ,
ಊರಿಗೆ ಕರೆಂಟು ಬಂದಿಲ್ಲ, ಬಂದಿದೆಯಂತೆ ಕಾಗದಕ್ಕೆ.

ಕೂಗಿ ಹೇಳಿದಾಗ ಇದು ನಗೆಮಾತಾಗಿತ್ತು. ಮೆಲ್ಲಗೆ ಹೇಳಿದಾಗ, ಪಕ್ಕದ ಮನೆಯವನು ಬೇಲಿ ಹತ್ತಿರ ನಿಂತು ಹೇಳಿದ ಹಾಗಿತ್ತು.

ಕಡಸಿನ ಹಾಡಿನ ದಿನ ಒಂದು ಎಡವಟ್ಟಾಯಿತು. ನಾಲಿಗೆ ಒಣಗಿ ಶುರು ಮಾಡುವುದು ತಡವಾಗಿತ್ತು. ಕಡೇ ಸಲ "ಕಂಡವರುಂಟೆ" ಅಂತ ಕೇಳಿ ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೆಳಗೆ ಶೃಂಗೇರಿ ಬಸ್ಸಿನ ಹಾರ್ನು ಹೊಡೆಯಿತು, ಎರಡು ಉದ್ದ, ಒಂದು ಗಿಡ್ಡ. ಅವನು ತಡವರಿಸದೆ ಮುಂದಿನ ಸಾಲು ಹಿಡಿದ. ಮುಗಿದ ಮೇಲೆ ನಾನು ತಲೆ ಮೇಲೆ ಕೈಹೊತ್ತು ಕೂತೆ. ಇನ್ನೊಂದು ಸಲ ಹೇಳಿಸೋಣ ಅಂತ ಬಾಯಿ ತೆರೆಯುವ ಮೊದಲೇ ಹೆಂಡತಿ ಕೈ ಎತ್ತಿದಳು. ಅವನ ಕಣ್ಣಿನಲ್ಲಿ ನೀರಿತ್ತು, ನೋವಿಗೆ. ಅಲ್ಲಿಗೆ ಆ ಹಾಡು ಹಾರ್ನು ಸಮೇತ ಮುಗಿಯಿತು.

ಅದೇ ಕಡೆಯದು. ಸಂಜೆಗೆ ಮೊದಲ ಮಳೆ ತಗಡಿನ ಮೇಲೆ ಬಿತ್ತು. ಆಮೇಲೆ ಅಲ್ಲಿ ಏನು ರೆಕಾರ್ಡ್ ಮಾಡಿದರೂ ಯಾರೋ ಅವಲಕ್ಕಿ ಕುಟ್ಟಿದ ಹಾಗೆ ಕೇಳುತ್ತದೆ.

ಅವರು ಘಟ್ಟ ಇಳಿದು ಆಸ್ಪತ್ರೆಗೆ ಹೋದರು. ನಾನು ಉಸಿರಿದ್ದ ಹಾಡುಗಳನ್ನು ಸೀಡಿಗೂ ಕ್ಯಾಸೆಟ್ಟಿಗೂ ಏರಿಸುತ್ತಾ ಕೂತೆ. ಕೈ ಸುಮ್ಮನಿರಲಿಲ್ಲ ಅನ್ನುವುದನ್ನು ಮುಚ್ಚಿಡುವುದಿಲ್ಲ. ಪರದೆಯ ಮೇಲೆ ಆ ಪೊದೆಗಳನ್ನು ಕಂಡಾಗೆಲ್ಲ ಮೌಸು ತನ್ನಷ್ಟಕ್ಕೇ ಅತ್ತ ಹೋಗುತ್ತಿತ್ತು.

ಆಲ್ಬಮ್ಮನ್ನು ಜನ ಹೇಗೆ ತಗೊಂಡರು ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ಬೆಂಗಳೂರಿನ ಒಬ್ಬ ಕಂಪನಿಯವರಿಗೆ ಕಳಿಸಿದ್ದೆ. ಫೋನು ಮಾಡಿ, ಸಾಹಿತ್ಯ ಫ್ರೆಶ್ ಆಗಿದೆ, ಆದರೆ ಬ್ರೀತಿಂಗ್ ಕ್ಲೀನ್ ಮಾಡಿಲ್ಲವಲ್ಲ, ಅಷ್ಟೂ ಗೊತ್ತಿಲ್ಲವೇ ಅಂದರು. ಗೊತ್ತು ಸಾರ್ ಅಂದೆ. ನಮ್ಮ ಪೇಟೆಯ ಕಾಲೇಜು ಹುಡುಗರು, ಹಿಪ್ ಹಾಪ್ ಅಂದರೆ ಹೀಗಲ್ಲ, ಸಿಟ್ಟು ಬೇಕು ಅಂದರು. ಭಜನಾ ಮಂಡಳಿಯ ಹಿರಿಯಮ್ಮ ಪೂರ್ತಿ ಕೇಳಿ, ಮಾತು ಚಂದ ಇದೆ, ತಾಳದವನಿಗೆ ಮಾತ್ರ ಯಾಕೋ ಅಷ್ಟು ಅವಸರ ಅಂದರು. ಕೀಬೋರ್ಡಿನವನಿಗೆ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, "ಅವನದ್ರಲ್ಲಿ ಉಸಿರು ಇದ್ರೆ ಇರ್ಲಿ. ನಮ್ದ್ರಲ್ಲಿ ತೆಗಿ" ಅಂದರು.

ನಿಜವಾಗಿ ಆಲ್ಬಮ್ಮನ್ನು ಎತ್ತಿದವನು ಶೃಂಗೇರಿ ಬಸ್ಸಿನ ಡ್ರೈವರು. ಬೇಕರಿಯಲ್ಲಿ ಕಾಫಿ ಕುಡಿಯುವಾಗ ಮೇಲಿಂದ ಹಾಡು ಕೇಳಿ ಲೋಟ ಇಟ್ಟು ಓಡಿಬಂದ. ಎರಡು ಉದ್ದ, ಒಂದು ಗಿಡ್ಡ, ಈ ಹಾರ್ನು ಇಡೀ ಜಿಲ್ಲೆಯಲ್ಲಿ ತನ್ನದೊಂದೇ ಅಂತ ಎದೆ ತಟ್ಟಿಕೊಂಡ. ಮಾರನೇ ದಿನದಿಂದ ಅವನ ಬಸ್ಸಿನಲ್ಲಿ ಬೇರೆ ಹಾಡಿಲ್ಲ. ಹಾರ್ನಿನ ಜಾಗ ಬರುವ ಮೊದಲು ಕಂಡಕ್ಟರು ಟಿಕೇಟು ಹರಿಯುವುದನ್ನು ನಿಲ್ಲಿಸಬೇಕು, ಮಾತಾಡುವವರು ಮಾತು ನಿಲ್ಲಿಸಬೇಕು. "ಈಗ ಬರ್ತದೆ, ಕೇಳಿ" ಅನ್ನುವನು. ಹಾಡಿನಲ್ಲಿ ಹಾರ್ನು ಹೊಡೆದ ಕೂಡಲೇ ತಾನೂ ಹೊಡೆಯುವನು. ಎದುರಿನಿಂದ ಬರುವ ವಾಹನದವರು ಗಾಬರಿಯಾಗಿ ಬದಿಗೆ ಸರಿಯುವರು. ತಲೆ ತಿರುಗುತ್ತದೆ, ಭಾವಗೀತೆ ಹಾಕು ಮಾರಾಯ ಅಂತ ಒಂದಿಬ್ಬರು ದೂರು ಕೊಟ್ಟರಂತೆ. ಆದರೆ ಹಾರ್ನಿಗೆ ಕಾದವರು ಉಸಿರನ್ನೂ ಕೇಳಿದರು. ಇವ ನಮ್ಮ ಜೀಪಿನವ ಅಲ್ಲವಾ, ಯಾಕೆ ಈಚೆಗೆ ಕಾಣುತ್ತಿಲ್ಲ, ಗಂಟಲು ಹೇಗಿದೆ ಅಂತ ಕೇಳುತ್ತಾ ಬೇಕರಿಗೆ ಬಂದರು. ಎನ್ನಾರ್ಪುರದಲ್ಲಿ ಮೊಬೈಲಿಗೆ ಹಾಡು ತುಂಬಿಸಿಕೊಡುವ ಅಂಗಡಿಯವನು ನಮ್ಮನ್ನು ಕೇಳದೆಯೇ ಊರಿಗೆಲ್ಲ ತುಂಬಿಸಿದ. ಜಗಳಕ್ಕೆ ಅಂತ ಹೋದೆ. ಅವನ ಪುಟ್ಟ ಮಗಳು ಕೌಂಟರಿನ ಮೇಲೆ ಕೂತು ಕಡಸಿನ ಹಾಡು ಹೇಳುತ್ತಿದ್ದಳು. ಪ್ರತಿ ಸಾಲಿಗೂ ಮೊದಲು ಜೀಪಿನವನ ಹಾಗೇ ದೊಡ್ಡದಾಗಿ ಉಸಿರೆಳೆಯುತ್ತಿದ್ದಳು. ಹಾಡಿನ ಭಾಗವೇ ಅದು ಅಂದುಕೊಂಡಿದ್ದಳು. ಜಗಳ ಮರೆತು ಬಂದೆ.

ಜೀಪಿನವನು ಮಾತ್ರ ಇದನ್ನೆಲ್ಲ ಸ್ಲೇಟು ಹಿಡಿದೇ ಕೇಳಿದ. ಆಪರೇಷನ್ನು ಸಸೂತ್ರವಾಗಿತ್ತು. ವಾರಗಟ್ಟಲೆ ಬಾಯಿ ಬಿಡುವಂತಿರಲಿಲ್ಲ. ಒಳಗೆ ಯಾವ ಸ್ವರ ಉಳಿದಿದೆ ಅಂತ ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಭಂಡಿಗಡಿಗೆ ಹೋದಾಗ ನೋಡಿದೆ, ಅಂಗಡಿಯಲ್ಲಿ ಅವನ ಹಾಡೇ ಓಡುತ್ತಿತ್ತು. ಅವನು ಎದುರಿಗೆ ಕೂತು ಗುಂಡಿ ಹಚ್ಚುತ್ತಿದ್ದ. ಅವಳು ಒಮ್ಮೆ ಪ್ಲೇಯರಿನ ಕಡೆ, ಒಮ್ಮೆ ಗಂಡನ ಕಡೆ ನೋಡುತ್ತಿದ್ದಳು.

ಡಾಕ್ಟ್ರಮ್ಮ ಇನ್ನು ಒಂದೆರಡು ಮಾತಾಡಬಹುದು ಅಂದ ಮೇಲೆ ಗಂಡ ಹೆಂಡತಿ ಮನೆಗೆ ಹೋಗಲಿಲ್ಲ. ಘಟ್ಟ ಹತ್ತಿ ಬಂದ ಬಸ್ಸಿನಿಂದ ನೇರ ನನ್ನ ಮೆಟ್ಟಿಲಿಗೆ. ಮೊದಲ ಮಾತು ಇಲ್ಲೇ ಆಗಬೇಕು ಅಂತ ಅವಳ ಹಟ. ಮಳೆ ಹೊಳವಾಗಿ ತಗಡು ಸುಮ್ಮನಿತ್ತು. ಸುದ್ದಿ ಸಿಕ್ಕಿ ಕೀಬೋರ್ಡಿನವನೂ ಬಂದಿದ್ದ. ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಹೆಡ್‌ಫೋನು ಕೊಟ್ಟೆ. ಕಂಬಳಿಯ ಆಚೆ ಅವನು ಚಾಪೆಯ ಮೇಲೆ ಕೂತ. ಕೆಂಪು ನೂಲಿನ ಬಳೆ ಎದುರಿಗೆ, ಮೈಕು ನಾಲ್ಕು ಬೆರಳು ದೂರ. ನಾನು ಗುಂಡಿ ಒತ್ತಿ ಕೈ ತೋರಿಸಿದೆ.

ಅವನು ಉಸಿರು ಎಳೆದುಕೊಂಡ.

ಅವಳು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮಾತು ಇನ್ನೂ ಬಂದಿರಲಿಲ್ಲ.

"ಹ್ಞಾಂ," ಅಂದಳು. "ಇವರೇ."

ಆಮೇಲೆ ಮಾತು ಬಂತು. "ಸಾರ್ವಜನಿಕರ ಗಮನಕ್ಕೆ." ತೆಳ್ಳಗೆ, ನುಣ್ಣಗೆ, ಇನ್ನೂ ಮೀಸೆ ಬಾರದವನ ಸ್ವರದ ಹಾಗೆ. ಗುಡ್ಡ ದಾಟುವ ಸ್ವರ ಅಲ್ಲವೇ ಅಲ್ಲ, ಬೇಕರಿಯ ಮೆಟ್ಟಿಲೂ ಇಳಿಯಲಾರದು. ಅವನೇ ಬೆಚ್ಚಿ ಗಂಟಲು ಮುಟ್ಟಿಕೊಂಡ. ಕೀಬೋರ್ಡಿನವನು, ಯಾರ ಮನೆ ಮಾಣಿ ಮಾರಾಯ ಇದು, ಒಳಗೆ ಹೇಗೆ ಬಂತು ಅಂದ. ಅವಳು ನಗುತ್ತಾ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡರೂ ಹೆಡ್‌ಫೋನು ತೆಗೆಯಲಿಲ್ಲ. ಇನ್ನೊಂದು ಸಲ ಹೇಳಿ ಅಂತ ಬೆರಳು ತೋರಿಸಿದಳು.

ಆ ಫೈಲು ಈಗಲೂ ನನ್ನ ಹತ್ತಿರ ಇದೆ. ತೆರೆದರೆ ಪರದೆಯ ಮೇಲೆ ಮೊದಲು ದೊಡ್ಡದೊಂದು ಪೊದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಗುಡ್ಡ.